ಗುರುವಾರದ ಆಟ, ಮಾಮಿಯ ಕೂಗು

ನಮ್ಮ ಮೇಲಿನ ಫ್ಲ್ಯಾಟಿನ ಹುಡುಗಿ ಸಂಜೆ ಶಾಲೆಯಿಂದ ಬಂದವಳೇ ಬಾಸ್ಕೆಟ್‌ಬಾಲ್ ಹಿಡಿದುಕೊಂಡು ಹಾಲ್‌ನ ನೆಲಕ್ಕೆ ಕುಟ್ಟಲು ಶುರು ಮಾಡುತ್ತಾಳೆ. ಸರಿಯಾಗಿ ನನ್ನ ಕುರ್ಚಿಯ ಮೇಲೆ. ಧಬ್, ಧಬ್, ಧಬ್. ಎದುರುಮನೆಯವರು, ಪಕ್ಕದವರು ಎಲ್ಲ ಸೇರಿ ಅಸೋಸಿಯೇಷನ್ನಿಗೆ ಒಂದು ಅರ್ಜಿ ಬರೆದರು. ಎಲ್ಲರಿಗಿಂತ ಹೆಚ್ಚು ತೊಂದರೆ ನನಗೇ ಎಂದು ಮೊದಲ ಸಹಿಯ ಜಾಗವನ್ನು ನನಗಾಗಿ ಬಿಟ್ಟು ತಂದಿದ್ದರು. ಕನ್ನಡಕ ಸಿಗುತ್ತಿಲ್ಲ, ಆಮೇಲೆ ನೋಡುತ್ತೇನೆ ಎಂದು ಕಳುಹಿಸಿಬಿಟ್ಟೆ. ಕನ್ನಡಕ ನನ್ನ ಮೂಗಿನ ಮೇಲೆಯೇ ಇತ್ತು.

ಏನು ಮಾಡಲಿ ಹೇಳಿ. ಆ ಸದ್ದು ಶುರುವಾದರೆ ನಾನು ಚಹಾದ ಲೋಟ ಕೆಳಗಿಟ್ಟು ಕಣ್ಣು ಮುಚ್ಚಿಕೊಳ್ಳುತ್ತೇನೆ. ಎರಡು ನಿಮಿಷದೊಳಗೆ ಮಂಗಳೂರೂ ಇಲ್ಲ, ಫ್ಲ್ಯಾಟೂ ಇಲ್ಲ, ಮೊಣಕಾಲು ನೋವೂ ಇಲ್ಲ. ಕೆಂಪು ಸಮುದ್ರದ ಕಡೆಯಿಂದ ಉಪ್ಪು ಉಪ್ಪಾದ ಗಾಳಿ ಬೀಸತೊಡಗುತ್ತದೆ. ನನಗೆ ಮತ್ತೆ ಇಪ್ಪತ್ತನಾಲ್ಕು.

ಎಂಬತ್ತರ ದಶಕದ ನಡುವಿನ ಮಾತು. ನಾವು ಆಗ ಸೌದಿಯ ಯಾನ್ಬುವಿನಲ್ಲಿದ್ದೆವು. ನಮ್ಮವರು ಅಲ್ಲಿನ ಒಂದು ಆಸ್ಪತ್ರೆಯಲ್ಲಿ ಎಕ್ಸ್-ರೇ ಟೆಕ್ನೀಷಿಯನ್. ಆಸ್ಪತ್ರೆಯ ಹಿಂದೆಯೇ ನಮಗೆ ಎರಡು ಕೋಣೆಯ ಕ್ವಾರ್ಟರ್ಸ್. ಒಂದು ಕಡೆ ಹಳೆಯ ಬಂದರು, ಇನ್ನೊಂದು ಕಡೆ ಹೊಸ ಕಾರ್ಖಾನೆಗಳು, ನಡುವೆ ಬೇಕಾದಷ್ಟು ಬಯಲು. ದೂರದಲ್ಲಿ ರಿಫೈನರಿಯ ಚಿಮಣಿಯ ತುದಿಯಲ್ಲಿ ಹಗಲಿಗೂ ಒಂದು ಬೆಂಕಿ ಉರಿಯುತ್ತಿತ್ತು. ನಮ್ಮವರು ಡ್ಯೂಟಿಗೆ ಹೋದ ಮೇಲೆ ನಾನು ಕಿಟಕಿಯಲ್ಲಿ ನಿಂತು ಆ ಬೆಂಕಿ ನೋಡುವುದು. ಅದು ಗಾಳಿಗೆ ಎಡಕ್ಕೆ ವಾಲಿದರೆ ಒಂದು ಸುದ್ದಿ, ಬಲಕ್ಕೆ ವಾಲಿದರೆ ಇನ್ನೊಂದು ಸುದ್ದಿ. ಬೇರೆ ಸುದ್ದಿಯೇ ಇರಲಿಲ್ಲ.

ನಮ್ಮ ಹಿಂದಿನ ವರಾಂಡದಾಚೆ ಒಂದು ಎತ್ತರದ ಗೋಡೆ. ಗೋಡೆಯ ಆಚೆ ನರ್ಸುಗಳ ಹಾಸ್ಟೆಲ್, ಹೆಚ್ಚಿನವರು ಫಿಲಿಪೀನಿನವರು. ಸಂಜೆಯಾದರೆ ಅಲ್ಲಿಂದ ಧಬ್ ಧಬ್ ಎಂಬ ಸದ್ದು. ಅವರು ಅಕ್ಕಿ ಕುಟ್ಟುತ್ತಿದ್ದಾರೆ ಎಂದು ನಾನು ಮೂರು ವಾರ ನಂಬಿದ್ದೆ. ಫಿಲಿಪೀನಿನವರು ಅಕ್ಕಿ ತಿನ್ನುವವರು ಎಂದು ಕೇಳಿದ್ದೆನಲ್ಲ. ಪಾಪ, ಇಷ್ಟು ದುಡಿದು ಬಂದ ಮೇಲೂ ಕುಟ್ಟಬೇಕಲ್ಲ ಎಂದು ಮರುಗಿದ್ದೂ ಉಂಟು. ಒಂದು ದಿನ ಆಸ್ಪತ್ರೆಯ ಕಾರಿಡಾರಿನಲ್ಲಿ ಕಿನ್ನಿಗೋಳಿ ಕಡೆಯ ನರ್ಸ್ ಲೀನಾ ಸಿಕ್ಕಿದಳು. ನಾವಿಬ್ಬರೂ ತುಳುವಿನಲ್ಲಿ ಮಾತಾಡುವವರು. ನೀವು ಯಾವ ಅಕ್ಕಿ ಕುಟ್ಟುವುದು ಎಂದು ಕೇಳಿದೆ. ಅವಳು ಗೋಡೆಗೆ ಒರಗಿ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಮುಂದಿನ ಗುರುವಾರ ಬಾ ಜೊಹರಕ್ಕ, ನಮ್ಮ ಅಕ್ಕಿ ತೋರಿಸುತ್ತೇನೆ ಎಂದಳು.

ಹಾಗೆ ನಾನು ಮೊದಲ ಸಲ ಗೋಡೆಯ ಆಚೆಗೆ ಹೋದದ್ದು. ಮೂರು ಕಡೆ ಕಟ್ಟಡ, ಒಂದು ಕಡೆ ನಮ್ಮ ವರಾಂಡದಾಚೆಯ ಆ ಗೋಡೆ, ನಡುವೆ ಒಂದು ಸಿಮೆಂಟಿನ ಅಂಗಳ, ಎರಡು ತುದಿಗೆ ಎರಡು ರಿಂಗು. ಗಂಡಸರಿಗೆ ಪ್ರವೇಶವಿಲ್ಲ. ಗೇಟಿನ ಒಳಗೆ ಬಂದ ಹೆಂಗಸರೆಲ್ಲ ಕಪ್ಪು ಅಬಾಯಾ ತೆಗೆದು ಒಂದು ಹಗ್ಗದ ಮೇಲೆ ಸಾಲಾಗಿ ಹಾಕುತ್ತಿದ್ದರು. ಕೆಳಗಿಂದ ಹಳದಿ, ಗುಲಾಬಿ, ನೀಲಿ ಬಟ್ಟೆಗಳು ಹೊರಬರುತ್ತಿದ್ದವು. ಆ ಊರಿನಲ್ಲಿ ಅಷ್ಟೊಂದು ಬಣ್ಣ ಉಂಟೆಂದು ನನಗೆ ಅಲ್ಲಿಯವರೆಗೆ ಗೊತ್ತೇ ಇರಲಿಲ್ಲ.

ನಮ್ಮ ತಂಡಕ್ಕೆ ಹಸಿರು ಅಂಗಿ. ಆಪರೇಷನ್ ಥಿಯೇಟರಿನ ಹಳೆಯ ಬಟ್ಟೆಯನ್ನು ಹೊಲಿದು, ಬೆನ್ನಿಗೆ ಬಿಳಿಯ ಟೇಪಿನಲ್ಲಿ ನಂಬರು ಅಂಟಿಸಿದ್ದು. ಲೀನಾ ಕ್ಯಾಪ್ಟನ್. ಅವಳ ಜೊತೆಗೆ ಟೆಸ್ಸಿ ಎಂಬ ಫಿಲಿಪಿನೋ ಹುಡುಗಿ. ಎಲ್ಲರಿಗಿಂತ ಕುಳ್ಳಿ, ಎಲ್ಲರಿಗಿಂತ ಚುರುಕು. ಎದುರಾಳಿಗಳು ಬಂದರಿನ ಕಡೆಯ ಇನ್ನೊಂದು ಆಸ್ಪತ್ರೆಯ ನರ್ಸುಗಳು. ಪರದೆ ಎಳೆದ ಬಸ್ಸಿನಲ್ಲಿ ಬರುತ್ತಿದ್ದರು. ಒಂದು ಗುರುವಾರ ನಮ್ಮ ತಂಡ ಅಲ್ಲಿಗೆ, ಮುಂದಿನ ಗುರುವಾರ ಅವರು ಇಲ್ಲಿಗೆ. ನಮಗೆ ನೋಡಲು ಸಿಗುತ್ತಿದ್ದದ್ದು ನಮ್ಮ ಅಂಗಳದ ಆಟ ಮಾತ್ರ. ಈ ನರ್ಸುಗಳು ಆಟವನ್ನೇ ವೃತ್ತಿ ಮಾಡಿಕೊಂಡವರಲ್ಲ, ಇಂಜೆಕ್ಷನ್ನಿನ ವೃತ್ತಿಯವರು. ಆದರೆ ಎಂಟು ತಾಸು ನಿಂತು ದುಡಿದ ಕಾಲಿನಲ್ಲಿ ಅವರು ಓಡುತ್ತಿದ್ದ ಓಟವನ್ನು ನಾನು ಆಮೇಲೆ ಟೀವಿಯಲ್ಲಿ ಎಷ್ಟೋ ದೊಡ್ಡ ಆಟಗಾರ್ತಿಯರಲ್ಲಿಯೂ ಕಂಡಿಲ್ಲ.

ನಮ್ಮ ಅಂಗಳದ ಒಂದು ಮೂಲೆಯಲ್ಲಿ ಸಿಮೆಂಟಿನ ಕೆಳಗೆ ಪೊಳ್ಳು ಇತ್ತು. ಅಲ್ಲಿ ಕುಟ್ಟಿದರೆ ಚೆಂಡು ಮೇಲೇಳುವುದಿಲ್ಲ, ಸೋಮಾರಿಯ ಹಾಗೆ ಅರ್ಧಕ್ಕೇ ನಿಲ್ಲುತ್ತದೆ. ನಮ್ಮ ಹುಡುಗಿಯರಿಗೆ ಅದು ಗೊತ್ತು, ಬಂದವರಿಗೆ ಗೊತ್ತಿಲ್ಲ. ಸ್ವಂತ ಅಂಗಳದಲ್ಲಿ ಆಡುವುದೆಂದರೆ ಅದೇ ಅಲ್ಲವೇ? ನೋಡುವ ನಾವು ಒಂದು ಮೂವತ್ತು ನಲವತ್ತು ಜನ, ಆಸ್ಪತ್ರೆಯವರ ಹೆಂಡಂದಿರು. ಗೋಡೆಯ ನೆರಳಿನಲ್ಲಿ ಚಾಪೆ ಹಾಸಿ, ಫ್ಲಾಸ್ಕು ನಡುವಿಟ್ಟು ಕೂರುತ್ತಿದ್ದೆವು. ಈಜಿಪ್ಟಿನವರು, ಸುಡಾನಿನವರು, ಲಾಹೋರಿನವರು, ಮಲಯಾಳಿಗಳು. ಆಟದ ನಿಯಮ ಯಾರಿಗೂ ಗೊತ್ತಿರಲಿಲ್ಲ. ಆದ್ದರಿಂದ ಅಭಿಪ್ರಾಯಗಳಿಗೆ ಕೊರತೆ ಇರಲಿಲ್ಲ. ಒಬ್ಬೊಬ್ಬರು ಅವರವರ ಭಾಷೆಯಲ್ಲಿ ಕೂಗುವುದು, ಮಧ್ಯೆ ಎಲ್ಲರಿಗೂ ಬರುವ ಒಂದೇ ಮಾತು, ಯಲ್ಲಾ ಯಲ್ಲಾ. ನಾನು ಕೂಗುತ್ತಿರಲಿಲ್ಲ. ಚಪ್ಪಾಳೆ ತಟ್ಟುತ್ತಿದ್ದೆ, ಅಷ್ಟೆ. ಇಳಿಹೊತ್ತಿನ ಅಸರ್ ನಮಾಜು ಮುಗಿದ ಮೇಲೆ ಆಟ ಶುರು. ಹೊತ್ತು ಮುಳುಗಿ ಮಗ್ರಿಬ್‌ನ ಬಾಂಗು ಕೇಳಿದ ಕೂಡಲೇ ಮುಕ್ತಾಯ. ಗಡಿಯಾರವಿಲ್ಲ. ಬಾಂಗಿನ ಹೊತ್ತಿಗೆ ಕರಿಹಲಗೆಯ ಮೇಲೆ ಎಷ್ಟು ಬರೆದಿತ್ತೋ ಅದೇ ಫಲಿತಾಂಶ.

ಆ ಹೊತ್ತಿನ ಬೆಳಕು ಇವತ್ತಿಗೂ ನನ್ನ ಕಣ್ಣಿನೊಳಗೆ ಉಂಟು. ಜೇನು ಬಣ್ಣದ ಬಿಸಿಲು ಒಂದು ಗೋಡೆಯಿಂದ ಇಳಿದು ಇನ್ನೊಂದು ಗೋಡೆ ಹತ್ತುತ್ತಿತ್ತು. ಓಡುವವರ ನೆರಳು ಉದ್ದವಾಗಿ ನಮ್ಮ ಚಾಪೆಯ ತನಕ ಬಂದು, ಮಡಿಲ ಮೇಲೆ ಹಾದು, ಹಿಂದೆ ಹೋಗುತ್ತಿತ್ತು. ಕೂತಲ್ಲೇ ನಾನೂ ಓಡುತ್ತಿದ್ದೇನೆ ಎಂದು ಎಷ್ಟೋ ಸಲ ಅನ್ನಿಸಿದೆ.

ಹೀಗಿರುವಾಗ ಮಾಮಿ ಬಂದರು. ಮಾಮಿ ಎಂದರೆ ನಮ್ಮವರ ತಾಯಿ, ಬೀಫಾತಿಮಾ. ಮೆಕ್ಕಾದಲ್ಲಿ ಉಮ್ರಾ ಮುಗಿಸಿ, ಮಗನ ಮನೆಯಲ್ಲಿ ಮೂರು ತಿಂಗಳು ಇರುವುದೆಂದು ಬಂದವರು. ಅವರಿಗೆ ನಾನು ಹೆದರುತ್ತಿದ್ದೆ. ಅವರು ಗದರುವವರಲ್ಲ. ಸುಮ್ಮನೆ ನೋಡುತ್ತಿದ್ದರು. ಅದು ಗದರುವುದಕ್ಕಿಂತ ಕಷ್ಟ. ಪ್ಯಾಂಟು ಹಾಕಿ ಕುಣಿಯುವ ಹುಡುಗಿಯರನ್ನು ನೋಡಲು ಸೊಸೆ ವಾರ ಬಿಟ್ಟು ವಾರ ಹೋಗುತ್ತಾಳೆ ಎಂದು ತಿಳಿದರೆ ಏನು ಗತಿ? ಎರಡು ಆಟಗಳನ್ನು ನಾನು ಬಿಟ್ಟೆ. ಗುರುವಾರ ಗೋಡೆಯ ಈಚೆ ಕೂತು ಬೆಳ್ಳುಳ್ಳಿ ಸುಲಿಯುತ್ತಾ, ಅದೆಂತ ಸದ್ದು ಎಂದು ಮಾಮಿ ಕೇಳಿದರೆ ಅಕ್ಕಿ ಕುಟ್ಟುವುದು ಮಾಮಿ ಎಂದು ಹೇಳಿದೆ. ನಾನು ನಂಬಿದ್ದನ್ನು ಅವರೂ ನಂಬಬಾರದೇಕೆ?

ಮೂರನೆಯ ಸಲ ಅಕ್ಕಿಯೇ ಗೋಡೆ ಹಾರಿ ಬಂತು. ಜಿದ್ದಾದ ಶರಫಿಯಾ ಪೇಟೆಯಿಂದ ತಂದಿದ್ದ ಒಣಮೀನನ್ನು ಮಾಮಿ ವರಾಂಡದಲ್ಲಿ ಹರಡಿ ಕೂತಿದ್ದರು. ಕಿತ್ತಳೆ ಬಣ್ಣದ ಒಂದು ದೊಡ್ಡ ಚೆಂಡು ಬಂದು ನಡುವೆ ಬಿದ್ದು ಮೀನನ್ನೆಲ್ಲ ಚದುರಿಸಿತು. ನಾನು ಒಳಗಿಂದ ಓಡಿ ಬಂದೆ. ಮಾಮಿ ಚೆಂಡನ್ನು ಎರಡು ಕೈಯಲ್ಲಿ ಹಿಡಿದು ತಿರುಗಿಸಿ ನೋಡುತ್ತಿದ್ದರು. ಆಮೇಲೆ ನನ್ನನ್ನು ನೋಡಿದರು. ಅವರು ಹೇಳಿದ್ದು ನಮ್ಮ ಮನೆಮಾತು ಬ್ಯಾರಿಯಲ್ಲಿ, ನಿಮಗಾಗಿ ಕನ್ನಡದಲ್ಲಿ ಬರೆಯುತ್ತೇನೆ:

"ಈ ಅಕ್ಕಿ ಬೇಯ್ಲಿಕ್ಕೆ ಎಷ್ಟು ಹೊತ್ತು ಬೇಕು ಮಗಳೇ?"

ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಮಾಮಿ ಅಬಾಯಾ ಹಾಕಿಕೊಂಡು ಚೆಂಡನ್ನು ಮಗುವಿನ ಹಾಗೆ ಸೊಂಟದಲ್ಲಿಟ್ಟುಕೊಂಡು ಹಾಸ್ಟೆಲಿನ ಗೇಟಿಗೆ ನಡೆದರು. ನಾನು ಹಿಂದೆ. ಒಳಗೆ ಹೋದವರು ಚೆಂಡು ಕೊಟ್ಟು ತಿರುಗಿ ಬರುತ್ತಾರೆಂದುಕೊಂಡೆ. ಬರಲಿಲ್ಲ. ಸುಡಾನಿನ ಹೆಂಗಸೊಬ್ಬಳು ಸರಿದು ಜಾಗ ಕೊಟ್ಟಳು. ಮಾಮಿ ಕೂತರು. ಬಾಂಗಿನವರೆಗೂ ಕಣ್ಣು ಮಿಟುಕಿಸದೆ ನೋಡಿದರು.

ತಿರುಗಿ ಬರುವಾಗ ಅವರು ಹೇಳಿದ್ದು ಒಂದೇ ಮಾತು. ಆ ಉದ್ದದ ಹುಡುಗಿ, ಎಂದರೆ ನಮ್ಮ ಲೀನಾ, ಯಾರಿಗೆ ಕೊಡುತ್ತಾಳೋ ಅವರ ಮುಖ ನೋಡಿ ಕೊಡುತ್ತಾಳೆ. ಹಾಗೆ ಮಾಡಬಾರದು. ನೋಡದೆ ಕೊಡಬೇಕು.

ಇದು ಇವರಿಗೆ ಹೇಗೆ ಗೊತ್ತು? ಆ ಪ್ರಶ್ನೆಗೆ ಉತ್ತರ ಇನ್ನೊಂದು ಗುರುವಾರ, ಆಟದ ನಡುವಿನ ವಿರಾಮದಲ್ಲಿ ಸಿಕ್ಕಿತು. ತಂದೆ ತೀರಿಕೊಂಡ ಮೇಲೆ, ಮದುವೆಗೆ ಮೊದಲು, ಮಾಮಿ ಎರಡು ವರ್ಷ ನೇತ್ರಾವತಿಯ ದಡದ ಒಂದು ಹಂಚಿನ ಕಾರ್ಖಾನೆಯಲ್ಲಿ ಕೆಲಸ ಮಾಡಿದ್ದರಂತೆ. ಹೆಂಗಸರು ಸಾಲಾಗಿ ನಿಂತು ದೋಣಿಯವರೆಗೆ ಹಂಚು ದಾಟಿಸುವುದು. ಒಬ್ಬಳು ಎಸೆದದ್ದನ್ನು ಹಿಡಿದು, ಹಿಡಿದ ಕೈಯಲ್ಲೇ ಮುಂದಿನವಳಿಗೆ. ಮುಖ ನೋಡುತ್ತಾ ನಿಂತರೆ ಹಂಚು ಕಾಲಿನ ಮೇಲೆ. ಮುಂದಿನವಳ ಕೈ ಎಲ್ಲಿದೆ ಎಂಬುದು ನಮ್ಮ ಕೈಗೇ ಗೊತ್ತಿರಬೇಕು ಎಂದು ಹೇಳಿ, ಮಾಮಿ ತಮ್ಮ ಅಂಗೈಗಳನ್ನು ಬಿಡಿಸಿ ನೋಡಿಕೊಂಡರು. ಆಮೇಲೆ ತಗ್ಗಿದ ಸ್ವರದಲ್ಲಿ, ಹಮೀದನಿಗೂ ಇದು ಗೊತ್ತಿಲ್ಲ, ಹೇಳಬೇಡ ಎಂದರು. ಹಮೀದ ಎಂದರೆ ನಮ್ಮವರು. ಕಾರ್ಖಾನೆಗೆ ಹೋದ ಹುಡುಗಿ ಎಂದು ತಿಳಿದರೆ ಸಂಬಂಧ ಕೂಡುವುದಿಲ್ಲವೆಂದು ಆ ಎರಡು ವರ್ಷವನ್ನು ಮಾಮಿಯ ತವರಿನವರು ಆಗಲೇ ಮುಚ್ಚಿಟ್ಟಿದ್ದರಂತೆ.

ಲೀನಾಳಿಗೆ ನಾನು ಈ ಪಾಠವನ್ನು ತುಳುವಿನಲ್ಲಿ ದಾಟಿಸಿದೆ. ಅವಳು ನಗದೆ ಕೇಳಿದಳು. ಮುಂದಿನ ಆಟದಲ್ಲಿ ಅವಳು ಬಲಕ್ಕೆ ನೋಡುತ್ತಾ ಎಡಕ್ಕೆ ಪಾಸ್ ಕೊಟ್ಟಳು. ಚೆಂಡು ಟೆಸ್ಸಿಯ ಕೈಗೆ ಹೋಗಿ, ಅಲ್ಲಿಂದ ರಿಂಗಿನೊಳಗೆ. ಮಾಮಿ ನನ್ನ ತೊಡೆಯನ್ನು ಜಿಗುಟಿದರು. ಮೂರು ದಿನ ಅದು ನೀಲಿಗಟ್ಟಿತ್ತು.

ಮಾಮಿ ಊರಿಗೆ ಹೊರಡಲು ಇನ್ನು ಮೂರು ವಾರವಿದೆ ಎನ್ನುವಾಗ ಹಾಸ್ಟೆಲಿನ ಮೇಟ್ರನ್ ನಮ್ಮನ್ನೆಲ್ಲ ಕರೆದರು. ಮೇಟ್ರನ್ ಈಜಿಪ್ಟಿನವರು, ಎತ್ತರದ ಹೆಂಗಸು. ಹಾಸ್ಟೆಲಿನ ಮೆಟ್ಟಿಲಿನಲ್ಲಿ ಕಾಫಿ ಹಿಡಿದು ಕೂತು ಅವರೂ ಆಟ ನೋಡುತ್ತಿದ್ದರು. ನಮ್ಮ ಕೂಗು ಗೋಡೆಯಾಚೆಗೆ, ರಸ್ತೆಯವರೆಗೆ ಕೇಳುತ್ತಿದೆಯೆಂದು ಯಾರೋ ದೂರು ಕೊಟ್ಟಿದ್ದರು. ಯಾರೆಂದು ನಮಗೆ ಎಂದೂ ತಿಳಿಯಲಿಲ್ಲ. ಚೆಂಡಿನ ಸದ್ದಿಗೆ ನಾನು ಉತ್ತರ ಹೇಳಬಲ್ಲೆ, ರತ್ನಗಂಬಳಿ ಝಾಡಿಸುತ್ತಿದ್ದಾರೆ ಎನ್ನಬಲ್ಲೆ, ಹೆಂಗಸಿನ ಸ್ವರಕ್ಕೆ ನನ್ನಲ್ಲಿ ಉತ್ತರವಿಲ್ಲ ಎಂದರು ಅವರು. ಇನ್ನು ಒಂದೇ ಒಂದು ಸ್ವರ ಗೋಡೆ ದಾಟಿದರೆ ಆಟ ಬಂದ್. ಕೂಗಿದವಳ ಗಂಡನ ಹೆಸರು ಆಫೀಸಿಗೆ ಹೋಗುತ್ತದೆ.

ಆ ಗುರುವಾರದಂಥ ಆಟವನ್ನು ನೀವು ನೋಡಿರಲಾರಿರಿ. ವಿಸಿಲ್ ಇಲ್ಲ. ರೆಫರಿ ಕೆಂಪು ಬಟ್ಟೆಯ ತುಂಡೊಂದನ್ನು ಎತ್ತುತ್ತಿದ್ದಳು. ಆಡುವವರು ಒಬ್ಬರನ್ನೊಬ್ಬರು ಕಣ್ಣಿನಲ್ಲಿ ಕರೆಯುತ್ತಿದ್ದರು. ನಾವು ನಲವತ್ತು ಹೆಂಗಸರು ತುಟಿ ಕಚ್ಚಿ ಕೂತಿದ್ದೆವು. ಪಾಯಿಂಟು ಬಂದರೆ ಚಪ್ಪಾಳೆಯ ಬದಲು ದುಪಟ್ಟಾ, ಕರವಸ್ತ್ರ, ಸೆರಗು, ಏನಿತ್ತೋ ಅದನ್ನೆಲ್ಲ ಗಾಳಿಯಲ್ಲಿ ಬೀಸುವುದು. ಆ ಜೇನು ಬಣ್ಣದ ಬೆಳಕಿನಲ್ಲಿ ಬಣ್ಣಬಣ್ಣದ ಬಟ್ಟೆ ಒಟ್ಟಿಗೇ ಏಳುವುದು, ಒಟ್ಟಿಗೇ ಇಳಿಯುವುದು, ಸದ್ದೇ ಇಲ್ಲ. ನೀರಿನ ಅಡಿಯಲ್ಲಿ ಹಬ್ಬ ನಡೆದ ಹಾಗೆ. ಕೇಳುವುದು ಚೆಂಡಿನ ಕುಟ್ಟು, ಬೂಟಿನ ಕಿರ್ರೆನ್ನುವ ಶಬ್ದ, ಉಸಿರು. ಲಾಹೋರಿನ ಬೇಗಂ ಒಬ್ಬರು ದುಪಟ್ಟಾದ ತುದಿಯನ್ನು ಬಾಯಿಗೆ ತುರುಕಿಕೊಂಡಿದ್ದರು.

ಬಿಸಿಲು ಎದುರಿನ ಗೋಡೆಯ ತುದಿ ಮುಟ್ಟಿತು. ಕರಿಹಲಗೆಯಲ್ಲಿ ನಾವು ಒಂದು ಪಾಯಿಂಟು ಹಿಂದೆ. ಚೆಂಡು ಲೀನಾಳ ಕೈಗೆ ಬಂತು. ಎದುರಿನವರು ಇಬ್ಬರು ಅವಳನ್ನು ಪೊಳ್ಳು ಮೂಲೆಗೆ ಒತ್ತಿದ್ದರು. ಇಷ್ಟು ದಿನಕ್ಕೆ ಅವರಿಗೂ ಆ ಮೂಲೆಯ ಗುಟ್ಟು ತಿಳಿದಿತ್ತು. ಅಷ್ಟರಲ್ಲಿ ಮಸೀದಿಯ ಮೈಕು ಕರ್ ಎಂದಿತು. ಬಾಂಗು ಕೊಡುವವರು ಮೈಕು ಹಾಕಿ, ಗಂಟಲು ಸರಿಮಾಡಿಕೊಳ್ಳುವ ಆ ಎರಡು ಮೂರು ಸೆಕೆಂಡು. ಲೀನಾ ಚೆಂಡು ಎತ್ತಿ ಹಿಡಿದು ನಿಂತಳು. ನನ್ನೊಳಗೆ ಎಲ್ಲಿಂದಲೋ ಏನೋ ಎದ್ದು ಬಂತು.

"ಲೀನಾ, ಪಾಡ್!"

ಪಾಡ್ ಎಂದರೆ ತುಳುವಿನಲ್ಲಿ ಹಾಕು. ಆ ಸ್ವರ ನಾಲ್ಕೂ ಗೋಡೆಗೆ ಬಡಿದು ಮೇಲೆ ಹೋಯಿತು. ಯಾರದು ಎಂದು ನಾನೇ ಒಂದು ಕ್ಷಣ ಸುತ್ತ ನೋಡಿದೆ. ಲೀನಾ ಬೆಚ್ಚಿದಳು, ಚೆಂಡು ಎಸೆದಳು. ಅದು ರಿಂಗಿನ ಅಂಚಿಗೆ ತಾಗಿ, ಒಂದು ಸುತ್ತು ಹಾಕಿ, ಹೊರಗೆ ಬಿತ್ತು. ಬಾಂಗು ಶುರುವಾಯಿತು. ನಾವು ಸೋತೆವು.

ಬಾಂಗು ಮುಗಿಯುವವರೆಗೆ ಒಬ್ಬರೂ ಅಲುಗಲಿಲ್ಲ. ಮೇಟ್ರನ್ ಮೆಟ್ಟಿಲಿಳಿದು ನಮ್ಮ ಚಾಪೆಯ ಎದುರು ಬಂದು ನಿಂತರು. ಯಾರು ಎಂದು ಕೇಳಿದರು. ನನ್ನ ಕಣ್ಣಿಗೆ ನಮ್ಮವರು ಆಫೀಸಿನ ಬಾಗಿಲಲ್ಲಿ ವಾಸದ ಪರವಾನಗಿಯಾದ ಇಕಾಮಾ ಹಿಡಿದು ನಿಂತದ್ದು, ಹಗ್ಗ ಕಟ್ಟಿದ ಸೂಟ್‌ಕೇಸು, ಎಲ್ಲ ಕಂಡವು. ಏಳಬೇಕು, ನಾನು ಎನ್ನಬೇಕು. ನಾನು ತಲೆ ಬಗ್ಗಿಸಿ ಚಾಪೆಯನ್ನು ನೋಡುತ್ತಾ ಕೂತೇ ಇದ್ದೆ. ಇದನ್ನು ಬರೆಯುವಾಗ ಈಗಲೂ ನನಗೆ ನಾಚಿಕೆಯಾಗುತ್ತದೆ.

ನನ್ನ ಹೆಗಲ ಮೇಲೆ ಒಂದು ಕೈ ಬಿತ್ತು. ಮಾಮಿ ನನ್ನನ್ನು ಕೆಳಗೊತ್ತಿ ತಾವು ಎದ್ದರು. ಅವರಿಗೆ ಬರುತ್ತಿದ್ದ ಅರಬ್ಬಿ ನಮಾಜಿನದ್ದು, ಮತ್ತೆ ತರಕಾರಿಯವನಿಂದ ಕಲಿತ ನಾಲ್ಕು ಶಬ್ದ. ಅದರಲ್ಲಿ ಒಂದು ಶಬ್ದ ಹುಡುಕಿ, ಎದೆಯ ಮೇಲೆ ಕೈಯಿಟ್ಟು ಹೇಳಿದರು.

"ಅನಾ."

ನಾನು, ಎಂದು. ಮೇಟ್ರನ್ ಅವರನ್ನು ನೋಡಿದರು. ಆಮೇಲೆ ಬಗ್ಗಿದ ನನ್ನ ತಲೆಯನ್ನು ನೋಡಿದರು. ಅವರಿಗೆ ಗೊತ್ತಾಯಿತೆಂದೇ ನನ್ನ ನಂಬಿಕೆ. ಲೀನಾಳ ಕಡೆ ತಿರುಗಿ ಇಂಗ್ಲಿಷಿನಲ್ಲಿ ಹೇಳಿದರು, ಅವಳು ನಮಗೆ ತುಳುವಿನಲ್ಲಿ ದಾಟಿಸಿದಳು. ಇನ್ನು ಕೆಲವೇ ದಿನದಲ್ಲಿ ಊರಿಗೆ ಹೋಗುವ ಮುದುಕಿಯ ಮೇಲೆ ಯಾವ ಆಫೀಸಿಗೆ ಬರೆಯುವುದು, ಇವರು ಇನ್ನು ಇಲ್ಲಿಗೆ ಬರಬಾರದು, ಅಷ್ಟು ಸಾಕು. ರಸ್ತೆಯಿಂದ ಯಾರಾದರೂ ಕೇಳಿದರೆ ಒಬ್ಬ ಅಜ್ಜಿ ಜಾರಿ ಬಿದ್ದರು ಎನ್ನುತ್ತೇನೆ.

ಮನೆಗೆ ಬರುವ ದಾರಿಯಲ್ಲಿ ನಾನು ಅಳುತ್ತಿದ್ದೆ. ಮಾಮಿ ಹೇಳಿದರು:

"ಕೂಗಿದ್ದು ತಪ್ಪಲ್ಲ ಮಗಳೇ. ಕೂಗಿದ ಮಾತು ತಪ್ಪು. ಆ ಕುಳ್ಳಿ ರಿಂಗಿನ ಕೆಳಗೆ ಒಬ್ಬಳೇ ಇದ್ದಳು. 'ಕೊಡು' ಅಂತ ಹೇಳ್ಬೇಕಿತ್ತು."

ಮುಂದೊಂದು ಆಟ ಉಳಿದಿತ್ತು. ನಾನೂ ಹೋಗುವುದಿಲ್ಲ ಎಂದೆ. ಮಾಮಿ ಒಪ್ಪಲಿಲ್ಲ. ಅಸರ್ ನಮಾಜು ಮುಗಿಸಿ ಒಂದು ಸ್ಟೂಲು ತಂದು ವರಾಂಡದಲ್ಲಿ ಗೋಡೆಗೆ ಬೆನ್ನು ಕೊಟ್ಟು ಕೂತು, ನನ್ನನ್ನು ಕಳುಹಿಸಿದರು. ನಾನು ಒಳಗೆ ಕೂತು ನೋಡಿದೆನೆಂದು ಹೇಳುವುದಕ್ಕಿಲ್ಲ. ಗೋಡೆಯ ಆಚೆ ಕಿವಿಕೊಟ್ಟು ಕೂತ ಆ ಬೆನ್ನೇ ನನಗೆ ಕಾಣುತ್ತಿತ್ತು. ಆ ದಿನ ನಾವು ಗೆದ್ದೆವು. ನಾನು ತಿರುಗಿ ಬಂದಾಗ ಮಾಮಿ ಫಲಿತಾಂಶ ಕೇಳಲಿಲ್ಲ. ಆ ಕುಳ್ಳಿ ಇವತ್ತು ಆಡಲಿಲ್ಲ ಅಲ್ಲವಾ, ಅವಳ ಕಾಲಿನ ಸದ್ದೇ ಇಲ್ಲ ಎಂದರು. ಹೌದು, ಟೆಸ್ಸಿಗೆ ಅಂದು ವಾರ್ಡಿನಲ್ಲಿ ಡ್ಯೂಟಿ.

ನಾವು ಮಾತಾಡುತ್ತಿರುವಾಗಲೇ ಚೆಂಡು ಗೋಡೆ ದಾಟಿ ಬಂತು. ತಪ್ಪಿ ಬಂದದ್ದಲ್ಲ, ಮೆಲ್ಲನೆ ಎಸೆದದ್ದು. ಗೋಡೆಯ ಆಚೆ ಅವರೆಲ್ಲ ನಿಂತಿದ್ದಾರೆಂದು ಉಸಿರಿನಿಂದಲೇ ಗೊತ್ತಾಗುತ್ತಿತ್ತು. ಮಾಮಿ ಚೆಂಡನ್ನು ಎತ್ತಿ, ಕುಪ್ಪಾಯದ ತೋಳು ಮೇಲೆ ಸರಿಸಿ, ಕೆಳಗಿನಿಂದ ಬೀಸಿ ಎಸೆದರು. ಮುಟ್ಟಲಿಲ್ಲ. ಎರಡನೆಯ ಸಲ ಅದು ಗೋಡೆಯ ತುದಿಗೆ ತಾಗಿ, ಅಲ್ಲೇ ಒಂದು ಗಳಿಗೆ ಯೋಚಿಸಿದಂತೆ ನಿಂತು, ಆಚೆಗೆ ಬಿತ್ತು. ಆಚೆಯಿಂದ ಸದ್ದೇನೂ ಬರಲಿಲ್ಲ. ಆದರೆ ಗೋಡೆಯ ಮೇಲಿನಿಂದ ಒಂದು ಹಸಿರು ಬಟ್ಟೆಯ ತುದಿ ಎದ್ದು ಬೀಸಿತು, ಆಮೇಲೆ ಇನ್ನೊಂದು, ಆಮೇಲೆ ತುಂಬಾ. ಮಾಮಿ ತಲೆಯ ಮೇಲಿನ ಬಟ್ಟೆಯನ್ನು ಸರಿಮಾಡಿಕೊಂಡು ಒಣಮೀನು ತೆಗೆಯಲು ಹೋದರು.

ಆ ಕೂಗಿನ ಕಥೆ ಮಾಮಿಗಿಂತ ಮೊದಲೇ ಊರು ಮುಟ್ಟಿತ್ತು. ಸೌದಿಯಲ್ಲಿ ಕೂಗಿ ಆಟ ಸೋಲಿಸಿದ ಉಮ್ಮ ಎಂದು ಮಕ್ಕಳು ಮೊಮ್ಮಕ್ಕಳು ಅವರನ್ನು ಬಹಳ ವರ್ಷ ಕಾಡಿದರು. ಮದುವೆ ಮನೆಯಲ್ಲಿ, ಹಬ್ಬದ ಊಟದಲ್ಲಿ, ಎಲ್ಲಿ ನಾಲ್ಕು ಜನ ಸೇರಿದರೂ ಅದೇ. ಮಾಮಿ ಎಲೆಗೆ ಸುಣ್ಣ ಹಚ್ಚುತ್ತಾ, ಹೌದು, ಕೂಗಿದೆ, ಏನೀಗ ಎನ್ನುತ್ತಿದ್ದರು. ಒಮ್ಮೆಯೂ ನನ್ನ ಕಡೆ ನೋಡುತ್ತಿರಲಿಲ್ಲ. ನೋಡದೆ ಕೊಡುವುದು ಅವರಿಗೆ ಅಭ್ಯಾಸವಾಗಿತ್ತು.

ಅವರು ತೀರಿಹೋದ ಮೇಲೆ, ನಲವತ್ತನೆಯ ದಿನದ ಊಟ ಮುಗಿಸಿ ಎಲ್ಲರೂ ಹಾಲ್‌ನಲ್ಲಿ ಕೂತಿದ್ದಾಗ ಮತ್ತೆ ಆ ಕಥೆ ಬಂತು. ಈ ಸಲ ನನಗೆ ತಡೆಯಲಾಗಲಿಲ್ಲ. ಅಂದು ಕೂಗಿದ್ದು ಮಾಮಿ ಅಲ್ಲ, ನಾನು ಎಂದೆ. ನಮ್ಮವರು ನಕ್ಕರು. ನಿನ್ನ ಸ್ವರ ಈ ಕೋಣೆಯಿಂದ ಆ ಕೋಣೆಗೆ ಕೇಳುವುದಿಲ್ಲ, ಸೌದಿಯ ಗೋಡೆ ಹಾರಿತೇ ಎಂದರು. ನಾನು ಆಣೆಯಿಟ್ಟು ಹೇಳಿದೆ. ಆಗ ನನ್ನ ನಾದಿನಿ, ಮಾಮಿಯ ಕೊನೆಯ ಮಗಳು, ಕಣ್ಣೊರೆಸಿಕೊಳ್ಳುತ್ತಾ ನನ್ನ ಕೈ ಹಿಡಿದುಕೊಂಡಳು.

"ಅತ್ತಿಗೇ, ಉಮ್ಮ ಇಡೀ ಜನ್ಮದಲ್ಲಿ ಕೂಗಿದ್ದು ಅದೊಂದೇ ಸಲ. ಅದನ್ನೂ ನೀವು ತಕೊಳ್ಬೇಡಿ."